ಇಲ್ಲದ ಊರಿಂದ ಬಂದ ಪತ್ರ

ನಮ್ಮ ಕಚೇರಿಯ ಮೂಲೆಯಲ್ಲಿದ್ದ ಸ್ಕ್ಯಾನರ್ ಇಮೇಲ್ ಕಳಿಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಕಾಗದ ಒಳಗೆ ಹೋಗುತ್ತಿತ್ತು, ಪಿಡಿಎಫ್ ಆಗುತ್ತಿತ್ತು, ಯಾರಿಗೂ ತಲುಪುತ್ತಿರಲಿಲ್ಲ. ಲಾಗ್ ತೆಗೆದು ನೋಡಿದರೆ ಒಂದೇ ಸಾಲು: 450, 4.1.8, ಕಳುಹಿಸಿದವರ ವಿಳಾಸ ತಿರಸ್ಕೃತ, ಡೊಮೈನ್ ಸಿಗಲಿಲ್ಲ. ಯಂತ್ರವನ್ನು ಕೂರಿಸಿದವರು ‘ಇಂದ’ ಎನ್ನುವ ಜಾಗದಲ್ಲಿ ‘ಸ್ಕ್ಯಾನರ್@ಆಫೀಸ್.ಲೋಕಲ್’ ಎಂದು ತುಂಬಿದ್ದರು. ಆ ಹೆಸರು ನಮ್ಮ ನಾಲ್ಕು ಗೋಡೆಗಳ ಒಳಗೆ ಮಾತ್ರ ಇತ್ತು. ‘ಲೋಕಲ್’ ಎಂಬ ಕೊನೆಯ ತುಂಡು ಮನೆ-ಕಚೇರಿಗಳ ಒಳಜಾಲಕ್ಕೆಂದು 2013ರಲ್ಲೇ ಮೀಸಲಾಗಿದೆ. ಹೊರಗಿನ ಡಿಎನ್‌ಎಸ್‌ನಲ್ಲಿ, ಅಂದರೆ ಜಾಲದ ಹೆಸರುಗಳ ವಿಳಾಸಪಟ್ಟಿಯಲ್ಲಿ, ಹುಡುಕಿದರೆ ಅದು ಸಿಗುವುದಿಲ್ಲ. ಕಳುಹಿಸಿದವರ ಡೊಮೈನ್ ನಿಜವಾಗಿ ಇದೆಯೇ ಎಂದು ಹಳೆಯ ಮೇಲ್ ಸರ್ವರ್ ಕೇಳುತ್ತಿರಲಿಲ್ಲ, ಹೊಸದು ಕೇಳಿತು.

ಇಷ್ಟು ಸರಳವಾದ ಪ್ರಶ್ನೆ ಇಮೇಲ್ ಜಗತ್ತಿನಲ್ಲಿ ರೂಢಿಯಾಗಲು ಹದಿನಾರು ವರ್ಷ ಹಿಡಿಯಿತು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಎಂಬ ಜಾಲದ ನಿಯಮಪತ್ರ, ಎಸ್‌ಎಂಟಿಪಿ ಎಂಬ ಅಂಚೆ ನಿಯಮವನ್ನು ಕಟ್ಟಿಕೊಟ್ಟಿತು. ಕಳುಹಿಸುವ ಯಂತ್ರ ಮೊದಲು ತನ್ನ ಹೆಸರು ಹೇಳುತ್ತದೆ, ಆಮೇಲೆ ‘ಮೇಲ್ ಫ್ರಮ್’ ಎಂದು ಕಳುಹಿಸಿದವರ ವಿಳಾಸ, ಅದರ ಹಿಂದೆ ಪಡೆಯುವವರ ವಿಳಾಸ, ಕೊನೆಗೆ ಪತ್ರ. ಈ ‘ಮೇಲ್ ಫ್ರಮ್’ ಲಕೋಟೆಯ ಮೇಲಿನ ‘ಇಂದ’ ಇದ್ದಂತೆ. ಪತ್ರವನ್ನು ತೆಗೆದುಕೊಂಡ ಸರ್ವರ್ ಅದನ್ನು ತಲುಪಿಸಬೇಕು, ಆಗದಿದ್ದರೆ ‘ಆಗಲಿಲ್ಲ’ ಎಂದು ಈ ವಿಳಾಸಕ್ಕೆ ಹೇಳಿಕಳಿಸಬೇಕು. ನಿಯಮದಲ್ಲಿ ಅದಕ್ಕಿರುವ ಹೆಸರೇ ಹಿಂದಿರುಗುವ ದಾರಿ ಎಂಬರ್ಥದ್ದು. ಆದರೆ ಆ ದಾರಿ ನಿಜವಾಗಿ ಇದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಜನ. ಬಹುಪಾಲು ಒಬ್ಬರಿಗೊಬ್ಬರು ಪರಿಚಯದವರು.

ನೋಡಲು ಬೇಕಾದ ಸಲಕರಣೆ ಮಾತ್ರ ಬೇಗನೆ ಸಿದ್ಧವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಒಂದು ಡೊಮೈನಿನ ಪತ್ರಗಳನ್ನು ಯಾವ ಯಂತ್ರಕ್ಕೆ ಒಯ್ಯಬೇಕು ಎಂದು ಹೇಳುವ ಎಂಎಕ್ಸ್ ದಾಖಲೆಯ ಬಳಕೆಗೆ 1986ರಲ್ಲಿ ನಿಯಮ ಬಂತು. ಆ ವ್ಯವಸ್ಥೆ ಪಡೆಯುವವರಿಗಾಗಿ ಹುಟ್ಟಿದ್ದು. ಅದನ್ನೇ ಕಳುಹಿಸುವವರತ್ತ ತಿರುಗಿಸುವಂತೆ ಮಾಡಿದ್ದು ತೊಂಬತ್ತರ ದಶಕದ ಸ್ಪ್ಯಾಮ್. ಸುಳ್ಳು ವಿಳಾಸದಿಂದ ಲಕ್ಷಗಟ್ಟಲೆ ಪತ್ರ ಬರುತ್ತಿದ್ದವು. ತಲುಪದವುಗಳ ‘ಆಗಲಿಲ್ಲ’ ಪತ್ರಗಳಿಗೂ ಹೋಗಲು ಊರಿಲ್ಲದೆ ಅವು ಸರ್ವರ್‌ಗಳ ಸರದಿಯಲ್ಲಿ ದಿನಗಟ್ಟಲೆ ಕೊಳೆಯುತ್ತಿದ್ದವು. ಎರಿಕ್ ಆಲ್ಮನ್ ಅವರ ಸೆಂಡ್‌ಮೇಲ್ ಆಗ ಬಹುಪಾಲು ಸರ್ವರ್‌ಗಳಲ್ಲಿತ್ತು. 1998ರಲ್ಲಿ ಬಂದ ಅದರ 8.9ನೇ ಆವೃತ್ತಿ, ಕಳುಹಿಸಿದವರ ಡೊಮೈನ್ ಡಿಎನ್‌ಎಸ್‌ನಲ್ಲಿ ಸಿಗದಿದ್ದರೆ ಪತ್ರವನ್ನೇ ಮುಟ್ಟಬಾರದೆಂಬುದನ್ನು ಯಾರೂ ಹೇಳದೆಯೂ ಪಾಲಿಸುವಂತೆ ಬಂತು. ಬೇಡವೆನ್ನುವವರು ತಾವಾಗಿ ತೆಗೆಯಬೇಕಿತ್ತು. ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್‌ನಲ್ಲೂ ಇದೇ ಪರೀಕ್ಷೆ ಇದೆ.

ಇದರಲ್ಲಿ ನನಗೆ ತುಂಬ ಹಿಡಿಸುವ ಒಂದು ಎಚ್ಚರ ಇದೆ. ಡಿಎನ್‌ಎಸ್ ‘ಅಂಥ ಹೆಸರಿಲ್ಲ’ ಎನ್ನುವುದು ಬೇರೆ, ಉತ್ತರವನ್ನೇ ಕೊಡದಿರುವುದು ಬೇರೆ. ಮೊದಲನೆಯದಕ್ಕೆ 5ರಿಂದ ಶುರುವಾಗುವ ಸಂಖ್ಯೆ: ಮತ್ತೆ ಬರಬೇಡ. ಎರಡನೆಯದಕ್ಕೆ 4: ಸ್ವಲ್ಪ ಹೊತ್ತು ಬಿಟ್ಟು ಬಾ. ಪೋಸ್ಟ್‌ಫಿಕ್ಸ್ ಇನ್ನೂ ಮೆತ್ತಗೆ ನಡೆದುಕೊಳ್ಳುತ್ತದೆ. ಬೇರೆ ಹೇಳದ ಹೊರತು ಹೆಸರಿಲ್ಲದವರಿಗೂ ಅದು 450 ಎಂದೇ ಹೇಳುತ್ತದೆ. ಡೊಮೈನ್ ನವೀಕರಿಸುವುದು ಮರೆತುಹೋಗಿರಬಹುದು, ದಾಖಲೆಯಲ್ಲಿ ಒಂದು ಅಕ್ಷರ ತಪ್ಪಿರಬಹುದು; ಸರಿಪಡಿಸಿಕೊಂಡರೆ ಸರದಿಯಲ್ಲಿ ಕಾದಿರುವ ಪತ್ರ ತಾನಾಗಿ ದಾಟುತ್ತದೆ. ನಮ್ಮ ಸ್ಕ್ಯಾನರ್‌ಗೆ ಸಿಕ್ಕಿದ್ದೂ ಈ 450.

ಈ ಕಾವಲು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಅದು ಕಳಚಿಬಿದ್ದಾಗ ಗೊತ್ತಾಯಿತು. ಕಾಮ್ ಮತ್ತು ನೆಟ್ ಹೆಸರುಗಳ ಪಟ್ಟಿ ವೆರಿಸೈನ್ ಕಂಪನಿಯ ಕೈಯಲ್ಲಿತ್ತು. 2003ರ ಸೆಪ್ಟೆಂಬರ್ 15ರಂದು ಅದು ‘ಸೈಟ್ ಫೈಂಡರ್’ ಎಂಬ ಸೇವೆ ಶುರುಮಾಡಿತು: ಯಾರೂ ಕೊಳ್ಳದ ಕಾಮ್ ಅಥವಾ ನೆಟ್ ಹೆಸರನ್ನು ಕೇಳಿದರೂ ಡಿಎನ್‌ಎಸ್ ‘ಇಲ್ಲ’ ಎನ್ನದೆ ವೆರಿಸೈನ್‌ನ ಒಂದು ಯಂತ್ರದ ಸಂಖ್ಯೆಯನ್ನು ಕೊಡತೊಡಗಿತು. ಬ್ರೌಸರಿನಲ್ಲಿ ಹೆಸರು ತಪ್ಪಾಗಿ ಒತ್ತಿದವರಿಗೆ ಹುಡುಕಾಟದ ಪುಟ ಸಿಕ್ಕಿತು. ಮೇಲ್ ಸರ್ವರ್‌ಗಳ ಪಾಲಿಗೆ ಮಾತ್ರ ಒಂದೇ ರಾತ್ರಿಯಲ್ಲಿ ಜಗತ್ತಿನ ಎಲ್ಲ ಸುಳ್ಳು ಕಾಮ್‌ಗಳೂ ನಿಜವಾಗಿಬಿಟ್ಟವು. ದಾರಿತಪ್ಪಿದ ಪತ್ರಗಳೂ ಆ ಯಂತ್ರದ ಬಾಗಿಲಿಗೇ ಹೋಗಿ ನಿಂತವು, ಅಲ್ಲಿ ಅವನ್ನು ತಿರಸ್ಕರಿಸಲೆಂದೇ ಒಂದು ತಂತ್ರಾಂಶ ಕೂರಿಸಿದ್ದರು. ಕೆಲವೇ ದಿನಗಳಲ್ಲಿ ಬೈಂಡ್ ಡಿಎನ್‌ಎಸ್ ತಂತ್ರಾಂಶದವರು ಆ ಹುಸಿ ಉತ್ತರಗಳನ್ನು ಸೋಸುವ ತಿದ್ದುಪಡಿ ಹೊರತಂದರು. ಜಾಲದ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ ಕಟುವಾಗಿ ಒತ್ತಾಯಿಸಿದ ಮೇಲೆ ಅಕ್ಟೋಬರ್ 4ರಂದು ಸೇವೆ ನಿಂತಿತು. ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರ ಎಲ್ಲರ ಸ್ವತ್ತು, ಅದನ್ನು ಒಬ್ಬ ವ್ಯಾಪಾರಿ ಮಾರಿಕೊಳ್ಳಲಾಗದು ಎಂದು ಆ ಮೂರು ವಾರ ತೋರಿಸಿಕೊಟ್ಟವು ಎಂದೇ ನಾನು ನಂಬಿದ್ದೇನೆ.

ಅಷ್ಟರಲ್ಲಿ ಸ್ಪ್ಯಾಮ್‌ನವರು ಬುದ್ಧಿ ಕಲಿತಿದ್ದರು. ಇಲ್ಲದ ಊರಿನ ಹೆಸರು ಬಿಟ್ಟು ಇರುವ ಊರುಗಳ ಹೆಸರನ್ನೇ ಬಳಸಿದರು, ಬ್ಯಾಂಕಿನದು, ನಿಮ್ಮದು, ನನ್ನದು. ಹಾಗಾಗಿ ಪ್ರಶ್ನೆ ‘ಈ ಡೊಮೈನ್ ಇದೆಯೇ’ ಎಂಬುದರಿಂದ ‘ಇದನ್ನು ಬಳಸಲು ನಿನಗೆ ಒಪ್ಪಿಗೆ ಇದೆಯೇ’ ಎಂಬುದಕ್ಕೆ ಹೊರಳಿತು. ಈ ಯಂತ್ರಗಳಿಂದ ಬಂದದ್ದು ಮಾತ್ರ ನನ್ನದು ಎಂದು ಡೊಮೈನ್ ಸಾರುವ ಎಸ್‌ಪಿಎಫ್ 2006ರಲ್ಲಿ ಆರ್‌ಎಫ್‌ಸಿ ಆಯಿತು. ಪತ್ರಕ್ಕೆ ಮುದ್ರೆ ಒತ್ತುವ ಡಿಕೆಐಎಂ 2007ರಲ್ಲಿ ಬಂತು. ಎರಡನ್ನೂ ಓದುಗರ ಕಣ್ಣಿಗೆ ಕಾಣುವ ‘ಇಂದ’ ವಿಳಾಸಕ್ಕೆ ಗಂಟುಹಾಕಿದ ಡಿಮಾರ್ಕ್ 2012ರದು. ಪತ್ರವನ್ನೇ ಪಡೆಯದ ಡೊಮೈನ್ ಹಾಗೆಂದು ಬಾಯಿಬಿಟ್ಟು ಹೇಳುವ ದಾರಿಯನ್ನು 2015ರ ಆರ್‌ಎಫ್‌ಸಿ 7505 ಕೊಟ್ಟಿತು: ಎಂಎಕ್ಸ್ ದಾಖಲೆಯಲ್ಲಿ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ತಮ್ಮ ಬಳಕೆದಾರರಿಗೆ ಭಾರೀ ಸಂಖ್ಯೆಯಲ್ಲಿ ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿವೆ. ಗೂಗಲ್ ಇಟ್ಟ ಗೆರೆ ದಿನಕ್ಕೆ 5,000 ಪತ್ರ.

ಈ ಭದ್ರತೆ ಬೇಕು. ಆದರೆ ಅದರ ಹೊರೆ ಬೀಳುವುದು ಸಣ್ಣವರ ಮೇಲೆ. ಕಳ್ಳನಿಗೆ ಹೊಸ ಡೊಮೈನ್ ಕೊಂಡು ಮೂರನ್ನೂ ಜೋಡಿಸಲು ಅರ್ಧ ಗಂಟೆ ಸಾಕು. ತಾಲ್ಲೂಕಿನ ಸಹಕಾರ ಸಂಘದ ಗುಮಾಸ್ತರಿಗೆ ‘4.1.8’ ಎಂದರೆ ಏನೆಂದು ಹೇಳುವವರಿಲ್ಲ. ತಿರಸ್ಕರಿಸುವ ಹಕ್ಕು ಇರುವ ಸರ್ವರ್, ಯಾಕೆಂಬುದನ್ನು ಮನುಷ್ಯರ ಭಾಷೆಯಲ್ಲಿ ಹೇಳುವ ಕರ್ತವ್ಯವನ್ನೂ ಹೊರಬೇಕು.

ಕನ್ನಡಕ್ಕೆ ಇದರಲ್ಲಿ ಬೇರೆಯದೇ ಒಂದು ನೋವಿದೆ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಡೊಮೈನ್ ಪಡೆಯಬಹುದು. ಡಿಎನ್‌ಎಸ್‌ನೊಳಗೆ ಅದು ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’ ಎಂಬ ವೇಷ ತೊಟ್ಟಿರುತ್ತದೆ, ಕೇಳಿದರೆ ಉತ್ತರ ಕೊಡುತ್ತದೆ. ಆದರೆ @ ಗುರುತಿನ ಎಡಗಡೆಯ ಹೆಸರಿಗೆ ಅಂಥ ವೇಷವಿಲ್ಲ. ಅದೂ ಕನ್ನಡದಲ್ಲಿದ್ದರೆ ದಾರಿಯ ಪ್ರತಿ ಸರ್ವರ್‌ಗೂ 2012ರ ಎಸ್‌ಎಂಟಿಪಿ-ಯುಟಿಎಫ್8 ಗೊತ್ತಿರಬೇಕು. ಗೊತ್ತಿಲ್ಲದ ಒಂದು ಸರ್ವರ್ ಎದುರಾದರೆ ಪತ್ರ ಅಲ್ಲೇ ನಿಲ್ಲುತ್ತದೆ. ಎಷ್ಟೋ ಅರ್ಜಿ ನಮೂನೆಗಳಂತೂ ಡಿಎನ್‌ಎಸ್ಸನ್ನು ಕೇಳುವ ಗೋಜಿಗೇ ಹೋಗದೆ, ಅಕ್ಷರ ನೋಡಿದೊಡನೆ ‘ಅಮಾನ್ಯ ವಿಳಾಸ’ ಎಂದು ಕೆಂಪಗೆ ತೋರಿಸುತ್ತವೆ. ಇಲ್ಲದ ಊರಿನ ಪತ್ರವನ್ನು ತಡೆಯಲು ಕಟ್ಟಿದ ಬಾಗಿಲಲ್ಲಿ, ಇರುವ ಊರಿನ ಪತ್ರ ತನ್ನ ಲಿಪಿಯ ಕಾರಣಕ್ಕೆ ಹೊರಗೆ ನಿಂತಿದೆ.