ಅಕ್ಕಿಯ ಸೀಮೆಯಲ್ಲಿ ಸೀಲಿಯಾಕ್: ವಯಸ್ಕರ ಪೋಷಣೆಯ ಕುರಿತು ಒಂದು ಟಿಪ್ಪಣಿ

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡುಗೆಮನೆ ಅಕ್ಕಿಯನ್ನು ನಂಬಿದ್ದು. ಕಡುಬು, ಅಕ್ಕಿರೊಟ್ಟಿ, ಒತ್ತುಶಾವಿಗೆ, ಗಂಜಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿಗಳ ಈ ಪ್ರೋಟೀನಿನಿಂದ ಸಣ್ಣಕರುಳಿನ ಒಳಪದರ ಸವೆಯುವ ಸೀಲಿಯಾಕ್ ಕಾಯಿಲೆ ನಮ್ಮ ಕಡೆಯದಲ್ಲ ಎಂದು ಯಾರಿಗಾದರೂ ಅನ್ನಿಸೀತು.

ಭಾರತದ 23,331 ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಸೂಚಿಸುತ್ತದೆ. ಈ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡವು. ಆದರೆ ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಉತ್ತರದಲ್ಲಿ ಶೇ. 38.1, ದಕ್ಷಿಣದಲ್ಲಿ ಶೇ. 36.4, ಹೆಚ್ಚುಕಡಿಮೆ ಸಮ. ದಿನದ ಗೋಧಿ ಸೇವನೆ ಮಾತ್ರ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ದಕ್ಷಿಣದ ಮಾದರಿ ಮಲೆನಾಡಿನದಲ್ಲವಾದ್ದರಿಂದ ಈ ಅಂಕಿಗಳನ್ನು ಮೂರು ತಾಲ್ಲೂಕಿಗೆ ಹಾಗೆಯೇ ಹಚ್ಚುವಂತಿಲ್ಲ. ಆದರೂ ಚಪಾತಿ, ಪರೋಟ, ಬಿಸ್ಕತ್ತು ಹೆಚ್ಚುತ್ತಿರುವ ಮನೆಗಳಲ್ಲಿ ಅನ್ನದ ರಕ್ಷಣೆ ಹೀಗೇ ಉಳಿಯುತ್ತದೆ ಎನ್ನಲು ನನಗೆ ಧೈರ್ಯವಿಲ್ಲ.

ವಯಸ್ಕರಲ್ಲಿ ಭೇದಿ ಇಲ್ಲದೆಯೂ ಈ ಕಾಯಿಲೆ ಇರಬಹುದು. ಹೆಚ್ಚು ಪೆಟ್ಟು ತಿನ್ನುವುದು ಸಣ್ಣಕರುಳಿನ ಮೇಲ್ಭಾಗ. ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ ಹೀರಿಕೆಗೆ ಅದೇ ಮುಖ್ಯ ಜಾಗ. ಹಾಗಾಗಿ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿರಬಹುದು. ಕ್ಯಾಲ್ಸಿಯಂ ಸಾಲದಾದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಿ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಇಲ್ಲಿ ಇಂಥದೇ ರಕ್ತಹೀನತೆ ತರುವ ಕೊಕ್ಕೆಹುಳುವನ್ನೂ, ದಕ್ಷಿಣ ಭಾರತಕ್ಕೆ ಹಳೆಯ ಪರಿಚಯವಾದ ಟ್ರಾಪಿಕಲ್ ಸ್ಪ್ರೂ ಎಂಬ ಕರುಳಿನ ಕಾಯಿಲೆಯನ್ನೂ ಬೇರ್ಪಡಿಸಿ ನೋಡಬೇಕು. ಸ್ಪ್ರೂ ಸಣ್ಣಕರುಳಿನ ಕೆಳಭಾಗವನ್ನೂ ಹಿಡಿಯುವುದರಿಂದ ಬಿ12 ಕೊರತೆ ಅದರಲ್ಲಿ ಹೆಚ್ಚು. ಅದಕ್ಕೆ ಟೆಟ್ರಾಸೈಕ್ಲಿನ್ ಮತ್ತು ಫೋಲಿಕ್ ಆಮ್ಲವೇ ಮದ್ದು, ಗೋಧಿ ಬಿಟ್ಟು ಪ್ರಯೋಜನವಿಲ್ಲ.

ಸೀಲಿಯಾಕ್ ಖಚಿತವಾದವರು ಗೋಧಿ, ಬಾರ್ಲಿಗಳನ್ನು ಜೀವನಪೂರ್ತಿ ಬಿಡಬೇಕು. ಉಪ್ಪಿಟ್ಟಿನ ರವೆ ಕಣ್ಣಿಗೆ ಕಾಣುತ್ತದೆ. ಸಾರಿನ ಒಗ್ಗರಣೆಗೆ ಬೀಳುವ ಇಂಗಿನಲ್ಲಿ ಬೆರೆತ ಗೋಧಿಹಿಟ್ಟು ಕಾಣುವುದಿಲ್ಲ. ಕರುಳು ಚೇತರಿಸಿದಂತೆ ತೂಕ ಏರುತ್ತದೆ, ಅದರಲ್ಲಿ ಕೊಬ್ಬಿನ ಪಾಲು ದೊಡ್ಡದು. ಬರೀ ಪಾಲಿಶ್ ಅಕ್ಕಿಯ ಊಟದಲ್ಲಿ ನಾರು, ಕಬ್ಬಿಣ, ಫೋಲೇಟ್ ಎಲ್ಲವೂ ಕಡಿಮೆ. ಹುರುಳಿ, ಹೆಸರುಕಾಳು, ನುಗ್ಗೆಸೊಪ್ಪು, 100 ಗ್ರಾಮಿಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿ ದಿನವೂ ಬೇಕು. ಮೊದಮೊದಲು ಹಾಲು ಒಗ್ಗದವರಿಗೆ ಮೊಸರು ಒಗ್ಗಬಹುದು.

ಅನುಮಾನ ಬಂದೊಡನೆ ಗೋಧಿ ಬಿಡಬೇಡಿ. ಬಿಟ್ಟ ಮೇಲೆ ಪ್ರತಿಕಾಯದ ರಕ್ತಪರೀಕ್ಷೆಯೂ ಕರುಳಿನ ಬಯಾಪ್ಸಿಯೂ ಕಾಯಿಲೆ ಇಲ್ಲವೆಂದೇ ತೋರಿಸಬಹುದು. ಮೂರು ಹೊತ್ತೂ ಅಕ್ಕಿ ಉಣ್ಣುವವರಾದರೆ, ಪರೀಕ್ಷೆಗೆ ಮುಂಚೆ ಆ ಮಾತನ್ನು ವೈದ್ಯರಿಗೆ ಹೇಳಿ.