ನ್ಯಾನೊರಂಧ್ರ ಪೊರೆ

ಉಪ್ಪುನೀರಿನ ಎರಡು ಅರೆಗಳನ್ನು ಬೇರ್ಪಡಿಸುವ, ಕೆಲವೇ ನ್ಯಾನೊಮೀಟರ್ ಅಗಲದ ಒಂದೇ ತೂತಿರುವ ತೆಳು ಪೊರೆ. ವಿದ್ಯುತ್ ವೋಲ್ಟೇಜ್ ಕೊಟ್ಟರೆ ಋಣಾವೇಶವುಳ್ಳ ಡಿಎನ್‌ಎ ಎಳೆ ಧನಧ್ರುವದ ಕಡೆಗೆ ತೂತಿನಲ್ಲಿ ನುಸುಳುತ್ತದೆ. ಅಷ್ಟು ಹೊತ್ತು ಅಯಾನುಗಳ ಪ್ರವಾಹ ತಗ್ಗುತ್ತದೆ. ಎಷ್ಟು ತಗ್ಗಿತು, ಎಷ್ಟು ಹೊತ್ತು ಎಂಬುದರಿಂದ ಎಳೆಯ ಗುರುತು ಸಿಗುತ್ತದೆ.

ಕಾಸಿಯಾನೊವಿಚ್, ಬ್ರಾಂಟನ್, ಡೀಮರ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ತೋರಿಸಿದ್ದು ಆಲ್ಫಾ-ಹೀಮೊಲೈಸಿನ್ ಎಂಬ ಬ್ಯಾಕ್ಟೀರಿಯಾ ಪ್ರೋಟೀನನ್ನು ಲಿಪಿಡ್ ಪೊರೆಯಲ್ಲಿ ಕೂರಿಸಿ. ಆ ಪೊರೆ ಬಲು ನಾಜೂಕು. ಹಾರ್ವರ್ಡ್‌ನ ಜಿಯಾಲಿ ಲಿ, ಗೊಲೊವ್ಚೆಂಕೊ ತಂಡ 2001ರಲ್ಲಿ ಸಿಲಿಕಾನ್ ನೈಟ್ರೈಡ್‌ನಲ್ಲಿ ಅಯಾನು ಕಿರಣದಿಂದ ತೂತು ರೂಪಿಸಿತು. 2003ರಲ್ಲಿ ಡೆಲ್ಫ್ಟ್‌ನ ಡೆಕ್ಕರ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡನೋಡುತ್ತಲೇ ತೂತನ್ನು ಕಿರಿದುಗೊಳಿಸಿತು.

ದಪ್ಪದ ತೊಡಕು ಮಾತ್ರ ಉಳಿಯಿತು. 30 ನ್ಯಾನೊಮೀಟರ್ ದಪ್ಪದ ಪೊರೆಯೊಳಗೆ ಏಕಕಾಲಕ್ಕೆ ಸುಮಾರು 90 ಪ್ರತ್ಯಾಮ್ಲ ಜೋಡಿಗಳಿರುವಾಗ ಒಂದೊಂದನ್ನು ಬಿಡಿಸಿ ಓದುವ ಮಾತೆಲ್ಲಿ? 2010ರಲ್ಲಿ ಹಾರ್ವರ್ಡ್, ಡೆಲ್ಫ್ಟ್, ಪೆನ್ಸಿಲ್ವೇನಿಯಾದ ತಂಡಗಳು ಬೇರೆಬೇರೆಯಾಗಿ ಇಂಗಾಲದ ತೆಳು ಹಾಳೆಯಾದ ಗ್ರಾಫೀನ್‌ಗೆ ಕೈಹಾಕಿದವು. ಇದರ ಒಂದು ಪದರದ ದಪ್ಪ, ಅಕ್ಕಪಕ್ಕದ ಎರಡು ಜೋಡಿಗಳ ನಡುವಿನ ಅಂತರದಷ್ಟೇ: 0.34 ನ್ಯಾನೊಮೀಟರ್.

ನಿಜವಾದ ಪಾಡು ಶುರುವಾದದ್ದು ಇಲ್ಲಿಂದ. ತಾಮ್ರದ ಹಾಳೆಯ ಮೇಲೆ ಬೆಳೆಸಿದ ಗ್ರಾಫೀನನ್ನು ಪಾಲಿಮರ್ ಲೇಪದ ಆಸರೆಯಲ್ಲಿ ಎತ್ತಿ ಚಿಪ್‌ನ ಮೇಲೆ ಇಡುತ್ತಾರೆ; ಅಸಿಟೋನಿನಲ್ಲಿ ತೊಳೆದರೂ ಲೇಪದ ಜಿಡ್ಡು ಪೂರ್ತಿ ಹೋಗದು. ಆರ್ಗಾನ್-ಹೈಡ್ರೊಜನ್ ಹರಿಸಿ ಕಾಯಿಸಿದರೆ ಬಹಳಷ್ಟು ಹೋಗುತ್ತದೆ. ಅದಾದ ಮೇಲೂ ತೂತು ಕೊರೆಯುವ ಎಲೆಕ್ಟ್ರಾನ್ ಕಿರಣವೇ ಮೇಲ್ಮೈಯ ಹೈಡ್ರೊಕಾರ್ಬನ್‌ಗಳನ್ನು ಒಡೆದು ಇಂಗಾಲದ ಕಿಟ್ಟ ಕೂರಿಸಿ ಅಂಚನ್ನು ದಪ್ಪಗಾಗಿಸುತ್ತದೆ. ಡೆಲ್ಫ್ಟ್‌ನವರು 2011ರಲ್ಲಿ 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಗ್ರಾಫೀನ್ ಕೊರೆದು ಈ ಕಿಟ್ಟವನ್ನು ತಡೆದರು. ಸಿಲಿಕಾನ್ ನೈಟ್ರೈಡನ್ನಾದರೆ ಗಂಧಕಾಮ್ಲ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಬೆರಕೆಯಲ್ಲಿ ಅದ್ದಿ ತೊಳೆಯಬಹುದು. ಗ್ರಾಫೀನಿಗೆ ಆ ಉಪಚಾರ ಒಗ್ಗದು.

ಶುದ್ಧ ಗ್ರಾಫೀನಿಗೂ ನೀರೆಂದರೆ ಆಗದು, ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ. ಪೆನ್ಸಿಲ್ವೇನಿಯಾ ತಂಡ ಕೆಲವು ನ್ಯಾನೊಮೀಟರ್ ಟೈಟಾನಿಯಂ ಡೈಆಕ್ಸೈಡ್ ಬಳಿಯಿತು: ತೆಳುವೆಂದು ಆರಿಸಿದ್ದನ್ನೇ ಮತ್ತೆ ದಪ್ಪ ಮಾಡಿದಂತಾಯಿತು! 2013ರಲ್ಲಿ ಡೆಲ್ಫ್ಟ್ ತಂಡ ನೀರಿಗೊಗ್ಗುವ ಅಣುಗಳ ಒಂದೇ ಪದರ ಹೊದಿಸಿದ್ದು ಇದಕ್ಕಿಂತ ಜಾಣ ದಾರಿ. ಲೊಸಾನ್‌ನ ರಾದೆನೊವಿಚ್ ತಂಡ 2014ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಬಳಸಿತು; ಅದಕ್ಕೆ ಅಂಟುವ ಕಾಟ ಕಡಿಮೆ.

ಅದೇ ವರ್ಷ ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿ ಆರಂಭಿಕ ಬಳಕೆದಾರರ ಕೈಗಿತ್ತ, ಡಿಎನ್‌ಎ ಓದುವ ಮಿನ್‌ಅಯಾನ್ ಯಂತ್ರದಲ್ಲಿದ್ದದ್ದು ಪ್ರೋಟೀನಿನ ರಂಧ್ರವೇ.