ಚುಚ್ಚುಮದ್ದಿಗೆ ಮುನ್ನ ಒಂದು ಭಾಗಾಕಾರ

ತೂಕ ಇಳಿಸುವ ವೆಗೋವಿ ಚುಚ್ಚುಮದ್ದಿಗೆ 2021ರಲ್ಲಿ ಒಪ್ಪಿಗೆ ಕೊಟ್ಟಾಗ ಅಮೆರಿಕ ಇಟ್ಟ ಷರತ್ತು: ಬಿಎಂಐ, ಅಂದರೆ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ, ಕನಿಷ್ಠ 30 ಇರಬೇಕು; ರಕ್ತದೊತ್ತಡದಂಥ ತೊಂದರೆಯಿದ್ದರೆ 27 ಸಾಕು. ಈ ಅಳತೆಗೋಲು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಿದ್ದ ಬೆಲ್ಜಿಯಂನ ಗಣಿತಜ್ಞ ಕೆಟಲೆಗೆ ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದು ಕಂಡಿತು, ಬೊಜ್ಜು ಅವನ ಚಿಂತೆಯೇ ಆಗಿರಲಿಲ್ಲ. 1972ರಲ್ಲಿ ಅಮೆರಿಕದ ಸಂಶೋಧಕ ಆನ್ಸೆಲ್ ಕೀಸ್ ಈ ಅನುಪಾತಕ್ಕೆ ಈಗಿನ ಹೆಸರಿಟ್ಟ. 1998ರಲ್ಲಿ ಅಮೆರಿಕ ಅಧಿಕ ತೂಕದ ಗೆರೆಯನ್ನು 27ರ ಆಸುಪಾಸಿನಿಂದ 25ಕ್ಕೆ ಇಳಿಸಿದಾಗ, ಒಂದು ಗ್ರಾಂ ಕೂಡ ಹೆಚ್ಚದೆ ಕೋಟ್ಯಂತರ ಜನ ರಾತ್ರೋರಾತ್ರಿ ದಪ್ಪಗಾದರು!

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎನ್ನಬಹುದು. ನಿಜ, ಔಷಧ ದುಬಾರಿ, ಅಡ್ಡಪರಿಣಾಮಗಳೂ ಇವೆ. ಆದರೆ ಯಾರ ಮೈ ನೋಡಿ ಎಳೆದ ಗೆರೆ? ದಕ್ಷಿಣ ಏಷ್ಯಾದವರಿಗೆ ಕಡಿಮೆ ಬಿಎಂಐನಲ್ಲೇ ಸಕ್ಕರೆ ಕಾಯಿಲೆ ಅಂಟುತ್ತದೆಂದು ಬ್ರಿಟನ್ ಅವರ ಮಿತಿಯನ್ನು ಸಾಮಾನ್ಯವಾಗಿ 2.5ರಷ್ಟು ತಗ್ಗಿಸುತ್ತದೆ. ಭಾರತದ ತಜ್ಞರಂತೂ 2009ರಲ್ಲೇ ಬೊಜ್ಜನ್ನು 25ರಿಂದ ಎಣಿಸಿ, ಸೊಂಟಕ್ಕೂ ಟೇಪು ಹಿಡಿಯಿರಿ ಎಂದಿದ್ದರು.